ಹಳೇ ಪಿನ್‌ಬಾಲ್ ಮಷೀನಿನಲ್ಲಿ ಫ್ಲಿಪ್ಪರನ್ನು (ಚೆಂಡು ಹೊಡೆಯುವ ಪುಟ್ಟ ಕೈಯನ್ನು) ಓಡಿಸುವ ತಂತಿ ಸುತ್ತಿದ ಕಾಯಿಲ್ ಸುಟ್ಟಿದೆ, ಬದಲಿಗೆ ಯಾವುದು ಹಾಕಲಿ?

ಹಳೇ ಕಾಯಿಲ್‌ಗೆ ಸುತ್ತಿರುವ ಕಾಗದದ ಮೇಲಿನ ನಂಬರನ್ನೇ ಹುಡುಕಿ. 1970ರ ದಶಕದ ಕೊನೆಯ ಬ್ಯಾಲಿ ಕಂಪನಿಯ ಮಷೀನುಗಳಲ್ಲಿ ಹೆಚ್ಚಾಗಿ ಎಕ್ಯೂ-25-500/34-4500 ಅಂತ ಇರುತ್ತದೆ. 25 ಗೇಜಿನ ದಪ್ಪ ತಂತಿ 500 ಸುತ್ತು, ಅದು ಹೊಡೆತಕ್ಕೆ. 34 ಗೇಜಿನ ಸಣ್ಣ ತಂತಿ 4500 ಸುತ್ತು, ಫ್ಲಿಪ್ಪರನ್ನು ಎತ್ತಿ ಹಿಡಿಯುವುದಕ್ಕೆ. ಹೊಡೆತದ ಸುತ್ತು ಕಡಿಮೆಯಾದಷ್ಟೂ ಜೋರು ಜಾಸ್ತಿ. ಹಾಗಂತ ಆಸೆಪಟ್ಟು ಜೋರಿನದು ಹಾಕಬೇಡಿ, ಪ್ಲಾಸ್ಟಿಕ್ ಟಾರ್ಗೆಟ್ಟುಗಳು ಮುರಿಯುತ್ತವೆ.

ಗಾಟ್ಲೀಬ್ ಕಂಪನಿಯ ರಿಲೇ ಕಾಲದ (ಎಲೆಕ್ಟ್ರಾನಿಕ್ ಬೋರ್ಡ್ ಬರುವ ಮೊದಲಿನ) ಹಲವು ಮಷೀನುಗಳಿಗೆ ಎ-5141 ನಂಬರಿನ ಕಾಯಿಲ್. ಫ್ಲಿಪ್ಪರ್ ಎಸಿ ಕರೆಂಟಿನಲ್ಲಿ ಓಡುತ್ತಿದ್ದರೆ ಹೊಸ ಕಾಯಿಲ್‌ನಲ್ಲಿರುವ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಭಾಗ) ಕತ್ತರಿಸಿ ತೆಗೆಯಿರಿ.

ಅಂದಹಾಗೆ, ಕಾಯಿಲ್ ಸುಮ್ನೆ ಸುಡುವುದಿಲ್ಲ. ಫ್ಲಿಪ್ಪರ್ ಪೂರ್ತಿ ಎದ್ದಾಗ ಬಿಚ್ಚಿಕೊಳ್ಳಬೇಕಾದ ಪುಟ್ಟ ಸ್ವಿಚ್ ಅಂಟಿಕೊಂಡಿದೆಯಾ ನೋಡಿ. ಅದನ್ನು ಸರಿಮಾಡದಿದ್ದರೆ ಹೊಸದರಿಂದಲೂ ಹೊಗೆ ಬರುತ್ತದೆ.