ಓದುಗರ ಪ್ರಶ್ನೆ, ನಮ್ಮ ಉತ್ತರ: ಹಿಂದಿರುಗದ ಬಾಂಬರ್‌ಗಳ ತಂಡಗಳು

ಪ್ರಶ್ನೆ: ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಗ್ರೀನ್ ಪಾರ್ಕಿನಲ್ಲಿರುವ, ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡಿನ ಸ್ಮಾರಕವನ್ನು ನೋಡಿದೆ. ಎರಡನೆಯ ಮಹಾಯುದ್ಧದಲ್ಲಿ ಆ ಪಡೆಯ 55,573 ಮಂದಿ ಸತ್ತರೆಂದು ಅಲ್ಲಿ ಬರೆದಿದೆ. ರಾತ್ರಿ ಹಾರಿಹೋಗಿ ಪರರ ನೆಲದಲ್ಲಿ ಬಿದ್ದ ವಿಮಾನಗಳಲ್ಲಿದ್ದವರನ್ನು ಹೇಗೆ ಗುರುತಿಸಿದರು? ದೇಹವೇ ಸಿಗದವರನ್ನು ಎಲ್ಲಿ ನೆನೆಯುತ್ತಾರೆ?
– ಶಿವಮೊಗ್ಗದ ಓದುಗರು

ಉತ್ತರ: ನೀವು ನಿಂತು ನೋಡಿದ ಆ ಸ್ಮಾರಕದ ಛಾವಣಿಯಲ್ಲಿಯೇ ನಿಮ್ಮ ಪ್ರಶ್ನೆಯ ಉತ್ತರ ಅಡಗಿದೆ. 1944ರ ಮೇ 12ರ ರಾತ್ರಿ ಕೆನಡಾ ವಾಯುಪಡೆಯ 426ನೇ ಸ್ಕ್ವಾಡ್ರನ್ನಿಗೆ ಸೇರಿದ ಎಲ್‌ಡಬ್ಲ್ಯೂ 682 ಎಂಬ ಹ್ಯಾಲಿಫ್ಯಾಕ್ಸ್ ಬಾಂಬರ್ ವಿಮಾನವು ಇಂಗ್ಲೆಂಡಿನ ಲಿಂಟನ್-ಆನ್-ಊಸ್ ನೆಲೆಯಿಂದ ಬೆಲ್ಜಿಯಂನ ಲೂವೆನ್ ನಗರದ ರೈಲು ಯಾರ್ಡಿನ ಮೇಲೆ ದಾಳಿ ನಡೆಸಲು ಹೊರಟಿತು. ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಮಿತ್ರರಾಷ್ಟ್ರಗಳ ಸೈನ್ಯ ಇಳಿಯುವ ಮೊದಲು ಜರ್ಮನರ ರೈಲು ಸಂಪರ್ಕವನ್ನು ಮುರಿಯಬೇಕಿದ್ದ ದಿನಗಳವು. ವಿಲ್ಬರ್ ಬೆಂಟ್ಜ್ ಪೈಲಟ್ ಆಗಿದ್ದ ಆ ವಿಮಾನದಲ್ಲಿ ಎಂಟು ಮಂದಿ ಇದ್ದರು. ಗುಂಡೇಟು ತಿಂದ ವಿಮಾನವು ಹೆರಾರ್ಡ್ಸ್‌ಬರ್ಗನ್ ಊರಿನ ಬಳಿ, ಡೆಂಡರ್ ನದಿಯ ಪಕ್ಕದ ಜೌಗಿಗೆ ಬಿದ್ದು ಹೂತುಹೋಯಿತು. ಐವರ ದೇಹಗಳು ಆಗಲೇ ದೊರೆತವು. ಪೈಲಟ್ ಸೇರಿ ಉಳಿದ ಮೂವರು ವಿಮಾನದೊಡನೆ ಕೆಸರಿನಡಿಯಲ್ಲೇ ಉಳಿದರು.

ಐವತ್ತಮೂರು ವರ್ಷಗಳ ನಂತರ, 1997ರಲ್ಲಿ, ಕೆನಡಾದ ಆಸಕ್ತರೂ ಬೆಲ್ಜಿಯಂನವರೂ ಕೂಡಿ ಆ ಜೌಗನ್ನು ಅಗೆದರು. ಸತ್ತವರ ಬಂಧುವೊಬ್ಬರು ಪಟ್ಟುಹಿಡಿದು ಹುಡುಕಿದ್ದೇ ಈ ಕೆಲಸಕ್ಕೆ ಮೂಲ. ಮೂವರ ಅವಶೇಷಗಳೂ ಸಿಕ್ಕವು, ಮತ್ತು ಅದೇ ನವೆಂಬರಿನಲ್ಲಿ ಸಕಲ ಸೇನಾ ಗೌರವದೊಂದಿಗೆ ಅವರನ್ನು ಹೆರಾರ್ಡ್ಸ್‌ಬರ್ಗನ್ನಿನಲ್ಲೇ, ತಮ್ಮ ಜೊತೆಗಾರರ ಪಕ್ಕದಲ್ಲಿ ಮಣ್ಣು ಮಾಡಲಾಯಿತು. ವಿಮಾನದ ಕೆಲವು ಭಾಗಗಳನ್ನು ಕೆನಡಾದ ಟ್ರೆಂಟನ್ನಿನಲ್ಲಿ ಮತ್ತೊಂದು ಹ್ಯಾಲಿಫ್ಯಾಕ್ಸಿನ ಜೀರ್ಣೋದ್ಧಾರಕ್ಕೆ ಬಳಸಿದರು. ಉಳಿದ ಅಲ್ಯೂಮಿನಿಯಂನ ಒಂದಷ್ಟನ್ನು ಕರಗಿಸಿ, 2012ರ ಜೂನ್ 28ರಂದು ಅನಾವರಣಗೊಂಡ ಗ್ರೀನ್ ಪಾರ್ಕ್ ಸ್ಮಾರಕದ ಛಾವಣಿಗೆ ಕೊಟ್ಟರು. ಅಲ್ಲಿ ನಿಂತಿರುವ ಏಳು ಕಂಚಿನ ವಿಗ್ರಹಗಳ ನೆತ್ತಿಯ ಮೇಲೆ ಇರುವುದು ಹೀಗೆ ಕೆಸರಿನಿಂದ ಎತ್ತಿತಂದ ಲೋಹ.

ಜೊತೆಗಾರರ ಪಕ್ಕದಲ್ಲಿ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲ್ಯಾಂಕಾಸ್ಟರ್, ಹ್ಯಾಲಿಫ್ಯಾಕ್ಸ್ ವಿಮಾನಗಳಲ್ಲಿ ಸಾಮಾನ್ಯವಾಗಿ ಏಳು ಮಂದಿ ಇರುತ್ತಿದ್ದರು: ಪೈಲಟ್, ಫ್ಲೈಟ್ ಎಂಜಿನಿಯರ್, ದಾರಿ ಗುರುತಿಸುವ ನ್ಯಾವಿಗೇಟರ್, ಗುರಿಯಿಟ್ಟು ಬಾಂಬ್ ಬೀಳಿಸುವ ಬಾಂಬ್ ಏಮರ್, ವೈರ್‌ಲೆಸ್ ಆಪರೇಟರ್, ಇಬ್ಬರು ಗನ್ನರುಗಳು. ಸೇನೆಯ ಶಿಸ್ತಿಗೆ ವಿಚಿತ್ರವೆನಿಸುವ ಪದ್ಧತಿಯೊಂದು ಅಲ್ಲಿತ್ತು. ತರಬೇತಿಯ ನಡುವೆ ಇವರಲ್ಲಿ ಬಹುಪಾಲು ಜನರನ್ನು ಒಂದು ದೊಡ್ಡ ಹ್ಯಾಂಗರಿನೊಳಗೆ ಬಿಟ್ಟು, ನಿಮಗೆ ಬೇಕಾದವರನ್ನು ನೀವೇ ಆರಿಸಿಕೊಂಡು ತಂಡ ಕಟ್ಟಿಕೊಳ್ಳಿ ಎನ್ನುತ್ತಿದ್ದರು. ಪರಿಚಯವೇ ಇಲ್ಲದ ಇಪ್ಪತ್ತರ ಆಸುಪಾಸಿನ ಹುಡುಗರು ಮುಖ ನೋಡಿ, ಎರಡು ಮಾತಾಡಿ ಒಂದಾಗುತ್ತಿದ್ದರು. ಆಮೇಲೆ ಒಂದೇ ತಂಡವಾಗಿ ಮೂವತ್ತು ದಾಳಿಗಳ ಒಂದು ಸುತ್ತನ್ನು ಮುಗಿಸುವುದು ಅವರ ಪಾಲಿನ ಲೆಕ್ಕ. ಬಹಳಷ್ಟು ತಂಡಗಳು ಆ ಲೆಕ್ಕವನ್ನು ಮುಗಿಸಲಿಲ್ಲ. ಸುಮಾರು 1,25,000 ವಿಮಾನ ಸಿಬ್ಬಂದಿಯಲ್ಲಿ ಶೇಕಡ 44ರಷ್ಟು ಮಂದಿ ಸತ್ತರು. ಸುಟ್ಟು ಬಿದ್ದ ವಿಮಾನದಲ್ಲಿ ಯಾರು ಯಾರೆಂದು ಬೇರ್ಪಡಿಸಲಾಗದೆ ಹೋದಾಗ ಅವರನ್ನು ಒಂದೇ ಸಮಾಧಿಯಲ್ಲಿರಿಸಿ, ಹೆಸರಿನ ಕಲ್ಲುಗಳನ್ನು ಒತ್ತೊತ್ತಾಗಿ ನಿಲ್ಲಿಸುತ್ತಿದ್ದರು. ಅನಿವಾರ್ಯತೆಯಿಂದ ಬಂದ ಕ್ರಮವಾದರೂ, ತಾವಾಗಿಯೇ ಕೂಡಿಕೊಂಡ ಆ ಹುಡುಗರಿಗೆ ಅದಕ್ಕಿಂತ ಸರಿಯಾದ ನೆಲೆ ಮತ್ತೊಂದಿಲ್ಲ ಎಂದು ನನಗನಿಸುತ್ತದೆ.

ಇನ್ನು ಗುರುತಿಸಿದ ಬಗೆ. ವಿಮಾನ ಹಿಂದಿರುಗದಿದ್ದರೆ ಮನೆಗೆ ‘ಕಾಣೆಯಾಗಿದ್ದಾರೆ’ ಎಂಬ ತಂತಿ ಹೋಗುತ್ತಿತ್ತು. ತಿಂಗಳುಗಟ್ಟಲೆ ಸುದ್ದಿಯೇ ಬಾರದಿದ್ದರೆ ಸತ್ತಿದ್ದಾರೆಂದು ಭಾವಿಸಿ ದಾಖಲಿಸುತ್ತಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಹೀಗೆ ಪತ್ತೆಯಿಲ್ಲದ ವಾಯುಪಡೆಯವರು 40 ಸಾವಿರಕ್ಕೂ ಹೆಚ್ಚು. ಅವರನ್ನು ಹುಡುಕಲೆಂದೇ ಬ್ರಿಟಿಷ್ ವಾಯುಪಡೆ ಒಂದು ಶೋಧ ಸೇವೆಯನ್ನು ಕಟ್ಟಿ ಯುರೋಪಿನ ಹಳ್ಳಿಹಳ್ಳಿಗೆ ಅಧಿಕಾರಿಗಳನ್ನು ಕಳುಹಿಸಿತು. ಪಾದ್ರಿಗಳು, ಮೇಯರುಗಳು, ಸ್ಮಶಾನ ಕಾಯುವವರು, ಅಂದು ರಾತ್ರಿ ಬೆಂಕಿ ಕಂಡ ರೈತರು ಹೇಳಿದ್ದನ್ನೆಲ್ಲ ಬರೆದುಕೊಂಡು, ಹೆಸರಿಲ್ಲದ ಗೋರಿಗಳನ್ನು ತೆಗೆಸಿ ನೋಡುವುದು ಅವರ ಕೆಲಸವಾಗಿತ್ತು. ಕೊರಳಿನ ಗುರುತುಬಿಲ್ಲೆಗಳನ್ನು ನಾರಿನಿಂದ ಮಾಡಿದ್ದರಿಂದ ಅವು ಬೆಂಕಿಯಲ್ಲಿ ಉಳಿಯುತ್ತಿರಲಿಲ್ಲ. ಆದ್ದರಿಂದ ಎಂಜಿನ್ನಿನ ಅಥವಾ ಮೆಷಿನ್ ಗನ್ನಿನ ಮೇಲೆ ಕೊರೆದ ಸಂಖ್ಯೆಯನ್ನು ಹಿಡಿದು ವಿಮಾನ ಯಾವುದೆಂದು ತಿಳಿಯುತ್ತಿದ್ದರು. ಅಂಗಿಯ ಕತ್ತುಪಟ್ಟಿಯ ಮೇಲೆ ಲಾಂಡ್ರಿಯವರು ಹಾಕಿದ ಗುರುತು, ಬೆರಳಿನ ಉಂಗುರ, ತೋಳಿನ ಮೇಲಿನ ದರ್ಜೆಯ ಪಟ್ಟಿ, ಇಂಥವುಗಳಿಂದ ಮನುಷ್ಯ ಯಾರೆಂದು ತಿಳಿಯುತ್ತಿದ್ದರು. ಅತ್ಯಂತ ಕಠಿಣವಾದ, ಮನಸ್ಸನ್ನು ಹಿಂಡುವ ಈ ಕೆಲಸವನ್ನು ಮಾಡಿದವರ ಬಗ್ಗೆ ಲೋಕ ಆಡಿರುವ ಮಾತು ತೀರ ಕಡಿಮೆ. ಸಾವಿರಾರು ತಾಯಂದಿರಿಗೆ ಮಗ ಎಲ್ಲಿ ಮಲಗಿದ್ದಾನೆಂದು ತಿಳಿದದ್ದು ಇವರಿಂದಲೇ.

ಅಷ್ಟಾದರೂ ಸಿಗದವರಿಗಾಗಿ ವಿಂಡ್ಸರಿನ ಸಮೀಪ, ಥೇಮ್ಸ್ ನದಿಯ ಮೇಲ್ಬದಿಯ ಗುಡ್ಡದಲ್ಲಿ ರನ್ನಿಮೀಡ್ ಸ್ಮಾರಕವಿದೆ. 1953ರ ಅಕ್ಟೋಬರಿನಲ್ಲಿ ಎರಡನೆಯ ಎಲಿಜಬೆತ್ ರಾಣಿ ತೆರೆದ ಅದರ ಗೋಡೆಗಳಲ್ಲಿ, ಸಮಾಧಿಯೇ ತಿಳಿಯದ 20 ಸಾವಿರಕ್ಕೂ ಹೆಚ್ಚು ವಾಯುಯೋಧರ ಹೆಸರುಗಳನ್ನು ಕೆತ್ತಿದ್ದಾರೆ. ಸಮುದ್ರಕ್ಕೆ ಬಿದ್ದ ಅನೇಕ ತಂಡಗಳಿಗೆ ಇದೊಂದೇ ಗುರುತು.

ಈ ಹುಡುಗರು ಹಾಕಿದ ಬಾಂಬುಗಳ ಕೆಳಗೆ ಹ್ಯಾಂಬರ್ಗ್, ಡ್ರೆಸ್ಡನ್ ಮೊದಲಾದ ನಗರಗಳಲ್ಲಿ ಲಕ್ಷಗಟ್ಟಲೆ ನಾಗರಿಕರು ಸತ್ತರೆಂಬುದನ್ನು ಬಿಟ್ಟು ಈ ಉತ್ತರವನ್ನು ಮುಗಿಸುವುದು ಸರಿಯಲ್ಲ. ಇಂಥದೊಂದು ಸ್ಮಾರಕ ಲಂಡನ್ನಿನಲ್ಲಿ ಏಳಲು ಅರುವತ್ತೇಳು ವರ್ಷ ಹಿಡಿದದ್ದಕ್ಕೆ ಆ ನೋವಿನ ಚರ್ಚೆಯೂ ಒಂದು ಕಾರಣ. 1939ರಿಂದ 1945ರವರೆಗಿನ ಬಾಂಬ್ ದಾಳಿಗಳಲ್ಲಿ ಸತ್ತ ಎಲ್ಲ ದೇಶಗಳ ಜನರನ್ನೂ ನೆನೆಯುವ ಸಾಲೊಂದು ಆ ಸ್ಮಾರಕದಲ್ಲಿಯೇ ಇದೆ, ಮತ್ತು ಅದು ಇರಲೇಬೇಕಾದ ಸಾಲು.

ಪ್ರಶ್ನೆ: ನಮ್ಮ ತಾತ ಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅಲ್ಲಿ ಪರಿಚಯವಾದ ವಿದೇಶಿ ವಾಯುಯೋಧನೊಬ್ಬ ಬರ್ಮಾ ಕಡೆ ಹೋಗಿ ಮರಳಲಿಲ್ಲವೆಂದು ಹೇಳುತ್ತಿದ್ದರು. ಆತನ ಹೆಸರು ತಾತನ ಡೈರಿಯಲ್ಲಿದೆ. ಹುಡುಕಲು ಸಾಧ್ಯವೇ?
– ಬೆಂಗಳೂರಿನ ಓದುಗರು

ಉತ್ತರ: ಸಾಧ್ಯವಿದೆ. ಆ ಕಾರ್ಖಾನೆಯಲ್ಲಿ ಆಗ ಅಮೆರಿಕದ ವಾಯುಪಡೆಯ ವಿಮಾನಗಳ ದುರಸ್ತಿ ನಡೆಯುತ್ತಿದ್ದುದರಿಂದ, ಆತ ಬ್ರಿಟಿಷ್ ಪಡೆಯವನೋ ಅಮೆರಿಕದವನೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಎರಡು ದೇಶಗಳ ಪದ್ಧತಿಗಳು ಬೇರೆ. ಬ್ರಿಟನ್ನು ಮತ್ತು ಕಾಮನ್‌ವೆಲ್ತ್ ದೇಶಗಳು ಸತ್ತವರನ್ನು ಅವರು ಬಿದ್ದ ಪ್ರದೇಶದಲ್ಲಿಯೇ ಮಣ್ಣು ಮಾಡಿದವು. ಅಮೆರಿಕವು ಮನೆಯವರು ಬಯಸಿದರೆ ಅವಶೇಷಗಳನ್ನು ತಾಯ್ನಾಡಿಗೆ ಒಯ್ಯುತ್ತದೆ, ಆ ಹುಡುಕಾಟ ಇಂದಿಗೂ ನಡೆದಿದೆ. 1944ರ ಜನವರಿ 25ರಂದು ಚೀನಾದ ಕುನ್ಮಿಂಗಿನಿಂದ ಅಸ್ಸಾಮಿನ ಚಬುವಾಕ್ಕೆ ಹೊರಟ ಬಿ-24 ಲಿಬರೇಟರ್ ಬಾಂಬರ್ ಎಂಟು ಮಂದಿಯೊಂದಿಗೆ ಕಾಣೆಯಾಗಿತ್ತು. 2006ರಲ್ಲಿ ಅರುಣಾಚಲ ಪ್ರದೇಶದ ದಮ್ರೋ ಗ್ರಾಮದ ಮೇಲಿನ ಬೆಟ್ಟದಲ್ಲಿ ಅದರ ಅವಶೇಷ ಪತ್ತೆಯಾಯಿತು; 2015ರಲ್ಲಿ ಅಮೆರಿಕದ ತಂಡ ಬಂದು ಅಗೆದು ಶೋಧಿಸಿತು; ಆ ವಿಮಾನದಲ್ಲಿದ್ದ ರಾಬರ್ಟ್ ಆಕ್ಸ್‌ಫರ್ಡ್ ಎಂಬ ಯುವಕನ ಗುರುತು ದೃಢಪಟ್ಟು, 2017ರಲ್ಲಿ ಜಾರ್ಜಿಯಾದ ಆತನ ಹುಟ್ಟೂರಿನಲ್ಲಿ ಅಂತ್ಯಕ್ರಿಯೆ ನಡೆಯಿತು.

ಬ್ರಿಟಿಷ್ ಅಥವಾ ಕಾಮನ್‌ವೆಲ್ತ್ ಪಡೆಯವನಾಗಿದ್ದರೆ, ಕಾಮನ್‌ವೆಲ್ತ್ ಸಮರ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿ ಉಚಿತವಾಗಿ ಹುಡುಕಬಹುದು. ‘ಸಿಂಗಪುರ ಸ್ಮಾರಕ’ ಎಂದು ಬಂದರೆ ಸಮಾಧಿ ತಿಳಿದಿಲ್ಲವೆಂದು ಅರ್ಥ, ಏಕೆಂದರೆ ಬರ್ಮಾದ ಕಾಡು, ಕಡಲುಗಳಲ್ಲಿ ಮರೆಯಾದ ವಾಯುಯೋಧರ ಹೆಸರುಗಳು ಕ್ರಾಂಜಿಯಲ್ಲಿರುವ ಆ ಸ್ಮಾರಕದಲ್ಲಿವೆ. ಹೆಸರು ಸಿಕ್ಕಿದೊಡನೆ ನಿಲ್ಲಬೇಡಿ. ದಾಖಲೆಯಲ್ಲಿರುವ ಸಾವಿನ ದಿನಾಂಕವನ್ನೂ ಸ್ಕ್ವಾಡ್ರನ್ ಸಂಖ್ಯೆಯನ್ನೂ ಬರೆದುಕೊಂಡು, ಅದೇ ದಿನ ಅದೇ ಸ್ಕ್ವಾಡ್ರನ್ನಿನಲ್ಲಿ ಸತ್ತವರು ಬೇರೆ ಯಾರೆಂದು ಮತ್ತೊಮ್ಮೆ ಹುಡುಕಿ. ಆತನೊಡನೆ ಅಂದು ಆ ವಿಮಾನವನ್ನು ಹತ್ತಿದವರ ಹೆಸರುಗಳು ಬಹುಮಟ್ಟಿಗೆ ಹಾಗೆಯೇ ಸಿಗುತ್ತವೆ, ತಾತನ ಡೈರಿಯ ಪುಟದ ಪಕ್ಕದಲ್ಲಿ ಅವನ್ನೂ ಬರೆದಿಡಿ.