ಪಕ್ಕದ ಬೆಂಚಿನ ಅಳುಕು

ಇನ್ನು ಹದಿನೈದು ದಿನಗಳಲ್ಲಿ ವಿಶ್ವವಿದ್ಯಾಲಯದ ತರಗತಿಗಳು ಆರಂಭವಾಗಲಿವೆ, ರಾತ್ರಿ ನಿದ್ದೆ ಹತ್ತುತ್ತಿಲ್ಲ, ಕಟ್ಟಿದ ಚೀಲವನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ, ಹೋಗುವುದರೊಳಗೆ ಈ ಅಳುಕನ್ನು ಪೂರ್ತಿ ಕಳೆದುಕೊಳ್ಳುವ ಉಪಾಯವೇನು ಎಂದು ಓದುಗರೊಬ್ಬರು ಕೇಳಿದ್ದಾರೆ. ಹೆಸರು ಪ್ರಕಟಿಸಬಾರದೆಂದೂ ಕೋರಿದ್ದಾರೆ.

ಪ್ರಿಯ ಓದುಗರೇ, ನಿಮ್ಮ ಎರಡು ಪುಟಗಳ ಪತ್ರದಲ್ಲಿ ‘ಉಳಿದವರೆಲ್ಲ ಧೈರ್ಯವಾಗಿದ್ದಾರೆ’ ಎಂಬ ಮಾತು ಮೂರು ಸಲ ಬಂದಿದೆ. ಇದನ್ನು ನಿಮಗೆ ಯಾರು ಹೇಳಿದರು? ಅವರದ್ದು ನಿಮಗೆ ಕಾಣುವುದು ಮುಖ ಮಾತ್ರ, ನಿಮ್ಮದಾದರೋ ಎದೆಬಡಿತವೇ ಕೇಳಿಸುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಯಾವ ನ್ಯಾಯ?

ನಿಧಾನವಾಗಿ ಉಸಿರಾಡುವ ಅಭ್ಯಾಸ ಒಳ್ಳೆಯದೇ. ನಿದ್ದೆ, ಹಸಿವು ವಾರಗಟ್ಟಲೆ ಕೆಟ್ಟರೆ ಆಪ್ತಸಮಾಲೋಚಕರನ್ನು ಕಾಣುವುದರಲ್ಲಿ ಸಂಕೋಚವೂ ಬೇಡ. ಆದರೆ ಅಳುಕು ಪೂರ್ತಿ ಹೋದ ಮೇಲೆಯೇ ಹೊಸಿಲು ದಾಟುತ್ತೇನೆಂಬ ನಿಮ್ಮ ಹಟವನ್ನು ನಾನು ಒಪ್ಪಲಾರೆ.

ನನ್ನ ಮೊದಲ ದಿನದ ಕಥೆ ಕೇಳಿ. ನನ್ನ ವಿಷಯ ಇತಿಹಾಸ. ಕರಿಹಲಗೆಯ ಮೇಲೆ ಸಮೀಕರಣಗಳು ಮೂಡತೊಡಗಿದಾಗ ತಪ್ಪು ಕೊಠಡಿಗೆ ಬಂದಿರುವುದು ತಿಳಿಯಿತು. ಅಷ್ಟು ಜನರ ನಡುವೆ ಎದ್ದು ಹೋಗಲು ಕಾಲು ಬಾರದೆ, ತಲೆಬುಡ ತಿಳಿಯದ ಚಿಹ್ನೆಗಳನ್ನು ತರಗತಿ ಮುಗಿಯುವವರೆಗೂ ದುಂಡಾಗಿ ನಕಲು ಮಾಡಿಕೊಂಡೆ. ಪಕ್ಕದಲ್ಲಿದ್ದವನು ನನಗಿಂತ ಚುರುಕಾಗಿ ಬರೆಯುತ್ತಿದ್ದ. ಎಂಥ ಬುದ್ಧಿವಂತನಪ್ಪಾ ಎಂದು ಹೊಟ್ಟೆಯುರಿಯೂ ಆಯಿತು. ಮಾರನೆಯ ದಿನ ಅವನು ಸಿಕ್ಕಿದ್ದು ಇತಿಹಾಸದ ತರಗತಿಯಲ್ಲಿ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಓದಿದಾಗ ಅವನ ನೆನಪಾಯಿತು. ‘ನಾನು ಇಲ್ಲಿಗೆ ಸಲ್ಲುವವನೇ ಎಂಬ ಅನುಮಾನ ಆರಂಭದಲ್ಲಿ ಎಲ್ಲರನ್ನೂ ಕಾಡುತ್ತದೆ, ಕ್ರಮೇಣ ಕರಗುತ್ತದೆ’ ಎಂಬರ್ಥದ ಹಿರಿಯ ವಿದ್ಯಾರ್ಥಿಗಳ ಅನುಭವಗಳನ್ನು ಅವರು ಮೊದಲ ವರ್ಷದವರಿಗೆ ಓದಿಸಿದರು. ಹಿಡಿದ ಸಮಯ ಸುಮಾರು ಒಂದು ಗಂಟೆ. ಮುಂದಿನ ಮೂರು ವರ್ಷಗಳಲ್ಲಿ ಕಪ್ಪುವರ್ಣೀಯ ವಿದ್ಯಾರ್ಥಿಗಳ ಅಂಕಗಳು ಏರಿ, ಬಿಳಿಯ ಸಹಪಾಠಿಗಳೊಂದಿಗಿನ ಅಂತರ ಅರ್ಧದಷ್ಟು ಇಳಿಯಿತು. ಅವರಿಗೆ ಧೈರ್ಯದ ಪಾಠವನ್ನೇನೂ ಯಾರೂ ಹೇಳಿರಲಿಲ್ಲ. ತಮ್ಮಂತೆಯೇ ಅಳುಕಿದವರಿದ್ದರು ಎಂಬುದಷ್ಟೇ ತಿಳಿದಿತ್ತು. ಗೆದ್ದವರ ಕಥೆಯೂ ಬೇರೆಯೇನಲ್ಲ: ಸಾಧನೆ ಮಾಡಿದ ಮೇಲೂ ತಾವು ಪೊಳ್ಳೆಂದು ಯಾರಾದರೂ ಕಂಡುಹಿಡಿದಾರೆಂಬ ಹೆದರಿಕೆಯನ್ನು 1978ರಲ್ಲೇ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಪ್ರತಿಭಾವಂತ ಮಹಿಳೆಯರಲ್ಲಿ ಗುರುತಿಸಿದ್ದರು.

ಇಷ್ಟು ಸರಳವಾದುದನ್ನು ನಾವು ಹಿರಿಯರು ಮುಚ್ಚಿಡುವುದೇಕೆ ಎಂಬುದೇ ನನ್ನ ಹಳೆಯ ತಕರಾರು. ಸ್ವಾಗತ ಸಮಾರಂಭದ ವೇದಿಕೆಗೆ ಪದಕ ಗೆದ್ದವರನ್ನೇ ಹತ್ತಿಸುತ್ತೇವೆ; ಮೊದಲ ವಾರ ಗ್ರಂಥಾಲಯದ ಮೂಲೆಯಲ್ಲಿ ಕಣ್ಣೊರೆಸಿಕೊಂಡವರಿಗೆ ಅಲ್ಲಿ ಜಾಗವಿಲ್ಲ. ‘ಕಾಲೇಜಿನ ದಿನಗಳೆಂದರೆ ಬಂಗಾರದ ದಿನಗಳು’ ಎನ್ನುವ ಮಾವಂದಿರೂ ಚಿಕ್ಕಪ್ಪಂದಿರೂ ಮೊದಲ ತಿಂಗಳನ್ನು ನುಂಗಿಕೊಂಡೇ ಕಥೆ ಶುರುಮಾಡುತ್ತಾರೆ. ಆಮೇಲೆ, ಮಕ್ಕಳಲ್ಲಿ ಆತ್ಮವಿಶ್ವಾಸವಿಲ್ಲವೆಂದು ದೂರುವವರೂ ನಾವೇ, ಅದನ್ನು ಮೂರು ದಿನಗಳ ಶಿಬಿರದಲ್ಲಿ ಮಾರುವವರೂ ನಾವೇ.

ಹೆಸರು ಮುಚ್ಚಿಡಬೇಕೆಂಬ ನಿಮ್ಮ ಕೋರಿಕೆಯನ್ನು ಗೌರವಿಸಿದ್ದೇನೆ, ಬೇಸರದಿಂದಲೇ. ಮೊದಲ ದಿನ ಪಕ್ಕದಲ್ಲಿ ಕುಳಿತವರನ್ನು, ‘ಇದು ಅದೇ ತರಗತಿ ತಾನೆ?’ ಎಂದು ಕೇಳಿನೋಡಿ. ಅವರಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಎದ್ದು ಹೊರಡಬಹುದು. ತಿಂಗಳು ಕಳೆದ ಮೇಲೆ ಮತ್ತೆ ಬರೆಯಿರಿ, ಆಗ ಹೆಸರು ಸಮೇತ ಪ್ರಕಟಿಸಲು ಒಪ್ಪುವಿರೆಂದು ನಂಬಿದ್ದೇನೆ.