ಮುತ್ತಜ್ಜ ನಿಜಕ್ಕೂ ಅಮಲ್ದಾರರಾಗಿದ್ದರೇ? ಹಣದ ಜಾಡು ಹಿಡಿಯಿರಿ

ಮುತ್ತಜ್ಜ ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರಾಗಿದ್ದರೆಂದು (ಈಗಿನ ತಹಸೀಲ್ದಾರರಂತೆ ತಾಲ್ಲೂಕಿನ ಮುಖ್ಯಾಧಿಕಾರಿ) ಮನೆಯವರೆಲ್ಲ ಹೇಳುತ್ತಾರೆ, ಹಳೆಯ ಪತ್ರಿಕೆ ಮತ್ತು ದಾಖಲೆಗಳಲ್ಲಿ ಅದನ್ನು ಪತ್ತೆಹಚ್ಚುವುದು ಹೇಗೆ ಎಂದು ಕೇಳಿದ್ದೀರಿ. ಅಮಲ್ದಾರರನ್ನು ಹುಡುಕುವುದು ಸುಲಭ. ಆದ್ದರಿಂದಲೇ ನಿಮ್ಮ ಮನೆಯವರಿಗೆ ನಿರಾಸೆಯಾಗುವ ಸಂಭವವೂ ಹೆಚ್ಚು. ತಾಲ್ಲೂಕಿಗೊಬ್ಬರೇ ಅಮಲ್ದಾರರು. ಅವರ ನೇಮಕ, ವರ್ಗಾವಣೆ, ರಜೆಗಳು ಮೈಸೂರು ಗೆಜೆಟ್‌ನಲ್ಲಿ ಅಚ್ಚಾಗುತ್ತಿದ್ದವು. ಸರ್ಕಾರ ಹೊರಡಿಸುತ್ತಿದ್ದ ಸಿವಿಲ್ ಲಿಸ್ಟ್‌ನಲ್ಲಿ ಅಧಿಕಾರಿಗಳ ಹೆಸರು, ಹುದ್ದೆ, ಸಂಬಳಗಳು ಸಾಲಾಗಿ ಸಿಗುತ್ತವೆ. ಆ ಕಾಲದ ಲಿಸ್ಟುಗಳಲ್ಲಿ ಎಲ್ಲಿಯೂ ಹೆಸರಿಲ್ಲದಿದ್ದರೆ ಅವರು ಅಮಲ್ದಾರರಾಗಿರಲಿಲ್ಲ ಎಂದೇ ತಿಳಿಯಿರಿ. ಅಮಲ್ದಾರರ ಕೈಕೆಳಗೆ ಹೋಬಳಿಯ ಕಂದಾಯ ನೋಡುವ ಶೇಕದಾರರೋ ತಾಲ್ಲೂಕು ಕಚೇರಿಯ ಗುಮಾಸ್ತರೋ ಆಗಿದ್ದಿರಬಹುದು. ಸರ್ಕಾರ ಕೊಡದ ಬಡ್ತಿಯನ್ನು ಮೊಮ್ಮಕ್ಕಳು ಕೊಡುವುದು ಎಲ್ಲ ಮನೆಗಳಲ್ಲಿಯೂ ನಡೆಯುತ್ತದೆ.

ಪತ್ರಿಕೆಯಿಂದ ಶುರು ಮಾಡಬೇಡಿ. ಅವರಿಗೆ ಹಣ ಯಾರಿಂದ ಬರುತ್ತಿತ್ತು ಎಂಬುದನ್ನು ಮೊದಲು ಯೋಚಿಸಿ. ಹಣ ಕೊಟ್ಟವರು, ಪಡೆದವರು ಎಲ್ಲಾದರೂ ಬರೆದಿಟ್ಟಿರುತ್ತಾರೆ. ಸಂಬಳವಾದರೆ ಸರ್ಕಾರದ ಕಡತ. ಶಾನುಭೋಗ, ಪಟೇಲ, ತಳವಾರ, ತೋಟಿ, ನೀರುಗಂಟಿಗಳಂಥ ಗ್ರಾಮದ ಕೆಲಸವಾದರೆ ಅದಕ್ಕೆ ಅಂಟಿಕೊಂಡ ಇನಾಂ ಜಮೀನು, ಅಂದರೆ ಸೇವೆಗಾಗಿ ಬಿಟ್ಟುಕೊಟ್ಟ ಜಮೀನು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ನಂತರ ಆ ಜಮೀನುಗಳನ್ನು ಹುದ್ದೆಯಲ್ಲಿದ್ದವರ ಕುಟುಂಬಗಳಿಗೆ ಮರುಮಂಜೂರು ಮಾಡುವ ಪ್ರಕರಣಗಳು ತಾಲ್ಲೂಕು ಕಚೇರಿಗಳಲ್ಲಿ ನಡೆದವು. ಆ ಕಡತಗಳಲ್ಲಿ ವಂಶವೃಕ್ಷವೂ ಇರುವುದುಂಟು; ಜಮೀನಿನ ಆಸೆಗಾಗಿ ಯಾರೋ ಕಷ್ಟಪಟ್ಟು ಬರೆಸಿದ ವಂಶವೃಕ್ಷ ನಿಮಗೆ ಪುಕ್ಕಟೆಯಾಗಿ ದಕ್ಕುತ್ತದೆ.

ಆದರೆ ನನ್ನ ಮೆಚ್ಚಿನ ಆಕರ ಉಪನೋಂದಣಾಧಿಕಾರಿಯ ಕಚೇರಿ. 1908ರ ನೋಂದಣಿ ಕಾಯ್ದೆಯ ಎರಡನೆಯ ಕಲಮನ್ನು ಒಮ್ಮೆ ಓದಿ. ದಸ್ತಾವೇಜಿನಲ್ಲಿ ವ್ಯಕ್ತಿಯ ಗುರುತೆಂದರೆ ವಾಸಸ್ಥಳ, ಕಸುಬು, ಪದವಿ, ತಂದೆಯ ಹೆಸರು. ತಾಯಿಯ ಹೆಸರಿನಿಂದಲೇ ಗುರುತಿಸಿಕೊಳ್ಳುವವರಾದರೆ ತಾಯಿಯ ಹೆಸರು ಎಂದು ಅದು ಹೇಳುತ್ತದೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಗಳವರಿಗೆ ಈ ಕೊನೆಯ ಮಾತು ವರವೇ ಸರಿ. ಸಂಸ್ಥಾನದ ಹಳೆಯ ಕ್ರಯಪತ್ರಗಳಲ್ಲಿಯೂ ‘ಇಂಥವರು ಬಿನ್ ಇಂಥವರು, ಇಂಥ ಜೀವನ’ ಎಂಬ ಒಕ್ಕಣೆ ಸಾಮಾನ್ಯ; ಬಿನ್ ಎಂದರೆ ಮಗ, ಜೀವನ ಎಂದರೆ ಕಸುಬು. ಸ್ಥಿರಾಸ್ತಿಯ ದಸ್ತಾವೇಜುಗಳಿರುವ ಒಂದನೆಯ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲನ್ನೂ ಪಡೆಯಬಹುದು. ಮನೆ ಕೊಂಡದ್ದು, ಗದ್ದೆ ಅಡವಿಟ್ಟದ್ದು, ಸಾಲ ತೀರಿಸಿದ್ದು, ಪ್ರತಿ ಸಲವೂ ಕಸುಬು ಬರೆಸಲೇಬೇಕಿತ್ತು.

ನಮ್ಮ ಮನೆಯಲ್ಲಿ ಮುತ್ತಜ್ಜನಿಗೆ ‘ಸರ್ಕಾರದಲ್ಲಿ ದೊಡ್ಡ ಕೆಲಸ’ ಇತ್ತೆಂದು ಹೇಳುತ್ತಿದ್ದರು. ಯಾವ ಇಲಾಖೆ ಎಂದು ಕೇಳಿದರೆ ಮಾತು ಬೇರೆಡೆಗೆ ಹೊರಳುತ್ತಿತ್ತು. ಒಂದು ಅಡಮಾನ ಪತ್ರದಲ್ಲಿ ಉತ್ತರ ಸಿಕ್ಕಿತು: ಹೆಂಡದ ಗುತ್ತಿಗೆ. ದೊಡ್ಡಮ್ಮ ‘ಅದು ಬೇರೆ ಯಾರೋ ಇರಬೇಕು’ ಎಂದರು. ತಂದೆಯ ಹೆಸರು, ಊರು, ಮನೆಯ ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಎಲ್ಲೆ) ಮೂರೂ ಹೊಂದುತ್ತಿದ್ದುದರಿಂದ ಬೇರೆ ಯಾರೋ ಆಗುವ ಹಾಗಿರಲಿಲ್ಲ. ಹೆಂಡದ ಗುತ್ತಿಗೆಯನ್ನು ಹರಾಜು ಹಾಕುತ್ತಿದ್ದುದು ಸರ್ಕಾರವೇ ಆದ್ದರಿಂದ ಮನೆಯವರ ಮಾತು ಪೂರಾ ಸುಳ್ಳೂ ಅಲ್ಲ ಎಂದು ನಾನೇ ಸಮಾಧಾನ ಹೇಳಬೇಕಾಯಿತು.

ಇಸವಿ, ಊರು, ಕಸುಬು ಅಂದಾಜಿಗೆ ಬಂದ ಮೇಲೆ ಪತ್ರಿಕೆಗಳಿಗೆ ಕೈ ಹಾಕಿ. ವೆಸ್ಲಿಯನ್ ಮಿಷನ್‌ನವರು 1887ರಿಂದ ಮೈಸೂರಿನಲ್ಲಿ ಹೊರಡಿಸಿದ ‘ವೃತ್ತಾಂತ ಪತ್ರಿಕೆ’, ತಾತಯ್ಯ ಎಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರ ಪತ್ರಿಕೆಗಳು, ಆಮೇಲಿನ ‘ತಾಯಿನಾಡು’ ಇವೆಲ್ಲ ಸಂಸ್ಥಾನದ ಸುದ್ದಿಗೆ ಒಳ್ಳೆಯವು. 1908ರ ಪತ್ರಿಕಾ ಕಾನೂನಿನ ಬಿಸಿಗೆ ಕೆಲವು ಪತ್ರಿಕೆಗಳು ನಿಂತವು. ಆ ವರ್ಷಗಳಲ್ಲಿ ಹುಡುಕಾಟ ಕಷ್ಟ. ಒಂದು ತೊಡಕು ನೆನಪಿಡಿ: ಸುದ್ದಿಯಲ್ಲಿ ಅಧಿಕಾರಿಯ ಹೆಸರಿಗಿಂತ ‘ಈ ತಾಲ್ಲೂಕು ಅಮಲ್ದಾರರು’ ಎಂಬಂಥ ಮಾತೇ ಹೆಚ್ಚು. ಹಾಗಾಗಿ ಸ್ಕ್ಯಾನ್ ಮಾಡಿಟ್ಟ ಪತ್ರಿಕೆಗಳಲ್ಲಿ ಕಂಪ್ಯೂಟರ್ ಯಂತ್ರದಿಂದ ಹೆಸರು ಹಾಕಿ ಹುಡುಕಿದರೆ ಏನೂ ಬರುವುದಿಲ್ಲ. ಹಳೆಯ ಮೊಳೆಯಚ್ಚಿನ ಒತ್ತಕ್ಷರಗಳು ಆ ಯಂತ್ರಕ್ಕೆ ಅರ್ಥವಾಗುವುದೂ ಅಷ್ಟಕ್ಕಷ್ಟೆ. ಗೆಜೆಟ್‌ನಿಂದ ತಾಲ್ಲೂಕು ಮತ್ತು ತಿಂಗಳು ತಿಳಿದುಕೊಂಡು ಪುಟ ತಿರುವುವುದೇ ದಾರಿ. ಹಿರಿಯರು ವರ್ತಕರೋ ಜಮೀನುದಾರರೋ ಆಗಿದ್ದರೆ ಪ್ರಜಾಪ್ರತಿನಿಧಿ ಸಭೆಯ ಮುದ್ರಿತ ನಡಾವಳಿಗಳನ್ನೂ ನೋಡಿ. 1881ರಲ್ಲಿ ರಂಗಾಚಾರ್ಲು ದಿವಾನರಾಗಿದ್ದಾಗ ಆರಂಭವಾದ ಆ ಸಭೆಗೆ ಬರುತ್ತಿದ್ದವರಲ್ಲಿ ಅಂಥವರೇ ಬಹಳ ಮಂದಿ. ಅಮಲ್ದಾರರ ಮೇಲಿನ ದೂರುಗಳಿಗೂ ಅಲ್ಲಿ ಬರವಿಲ್ಲ.

ಜನಗಣತಿಯ ಹಾಳೆ ನೋಡಿ ಎಂಬ ಸಲಹೆ ಇಂಗ್ಲೆಂಡು, ಅಮೆರಿಕದವರಿಗೆ ಸರಿ. ನಮ್ಮಲ್ಲಿ ಸಿಗುವುದು ಒಟ್ಟು ಲೆಕ್ಕದ ಕೋಷ್ಟಕಗಳು ಮಾತ್ರ.

ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು; ಮೈಸೂರಿನಲ್ಲಿಯೂ ಅದರ ಶಾಖೆಯಿದೆ. ಮೂಲ ಊರು ಧಾರವಾಡದ ಕಡೆಯದಾದರೆ ಮುಂಬಯಿ, ಮಂಗಳೂರಿನ ಕಡೆಯದಾದರೆ ಚೆನ್ನೈನ ಎಗ್ಮೋರ್, ರಾಯಚೂರು–ಕಲಬುರಗಿಯದಾದರೆ ಹೈದರಾಬಾದು. ಧಾರವಾಡದ ಹಳೆಯ ಕಾಗದಗಳಿಗೆ ಮೋಡಿ ಲಿಪಿ (ಮರಾಠಿಯ ಹಳೆಯ ಕೂಡುಬರಹ) ಓದುವವರು ಬೇಕು, ನಿಜಾಮನ ಕಾಲದವಕ್ಕೆ ಉರ್ದು ಬಲ್ಲವರು ಬೇಕು.

ಮನೆಯ ಪೆಟ್ಟಿಗೆಯಲ್ಲಿ ಕಾಗದಗಳಿದ್ದರೆ ಅವುಗಳಲ್ಲಿ ಸಂವತ್ಸರದ ಹೆಸರು ಮಾತ್ರ ಇರಬಹುದು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಶಾರ್ವರಿ ಎಂದಿದ್ದರೆ ಅದು 1840–41 ಆಗಬಹುದು, 1900–01 ಕೂಡ ಆಗಬಹುದು. ಸಾಕ್ಷಿ ಹಾಕಿದವರ ಹೆಸರುಗಳನ್ನು ಬೇರೆ ಪತ್ರಗಳೊಂದಿಗೆ ತಾಳೆ ನೋಡಿದರೆ ಯಾವ ಸುತ್ತಿನದೆಂದು ತಿಳಿಯುತ್ತದೆ. ನಿಮ್ಮ ಮುತ್ತಜ್ಜ ಇದ್ದ ತಾಲ್ಲೂಕು ಯಾವುದು, ಸುಮಾರು ಯಾವ ದಶಕ ಎಂದು ಬರೆಯಿರಿ. ಗೆಜೆಟ್‌ನ ಯಾವ ವರ್ಷಗಳಿಂದ ಹುಡುಕಲು ತೊಡಗಬಹುದೆಂದು ಹೇಳುತ್ತೇನೆ.